ನನ್ನ ಕೈಲಿ ಕಳಿಸಿದ ಅಳು

ನಾನು ಒಂದು ಕಡೆ ಕೂತವಳಲ್ಲ. ಹೊನ್ನಾಳಿಯ ನಮ್ಮ ಮನೆಯಲ್ಲಿ ಅಪ್ಪ ಅದನ್ನು ಬೈಗುಳದ ಹಾಗೆ ಹೇಳುತ್ತಿದ್ದರು, "ಇವಳ ಕಾಲಾಗೆ ಚಕ್ರ ಐತೆ" ಅಂತ. ಎಂಬತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಮುಗಿಸಿದ್ದೆ, ಹೈಸ್ಕೂಲು ಕೆಲಸಕ್ಕೆ ಅರ್ಜಿ ಹಾಕಿದ್ದೆ, ಅದರ ಸುದ್ದಿಯೇ ಇರಲಿಲ್ಲ. ಹೆಣ್ಣು ನೋಡಲು ಬರುವವರು ಮಾತ್ರ ತಪ್ಪದೆ ಬರುತ್ತಿದ್ದರು. ಉಪ್ಪಿಟ್ಟು ಕೊಡುವುದು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂರುವುದು, ಅವರು "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ಎದ್ದು ಹೋಗುವುದು. ಆ ಚಾಪೆ ಕಂಡರೇ ನನಗೆ ಮೈ ಉರಿಯುತ್ತಿತ್ತು.

ಆಗ ದಾವಣಗೆರೆ ಕಾಲೇಜಿನ ನನ್ನ ಇಂಗ್ಲಿಷ್ ಮೇಡಂ ಹೇಳಿ ಕಳಿಸಿದರು. ಹೊರದೇಶದಿಂದ ಕ್ರೈಸ್ತ ವೈದ್ಯರ ತಂಡವೊಂದು ಬರುತ್ತಿದೆ, ಎರಡು ವಾರ ಇದ್ದು ಹಳ್ಳಿಗಳಲ್ಲಿ ಔಷಧಿ ಕೊಟ್ಟು ಹೋಗುತ್ತಾರೆ, ಅವರ ಮಾತನ್ನು ಕನ್ನಡದಲ್ಲಿ ಹೇಳಲು ಒಬ್ಬ ಹೆಣ್ಣುಮಗಳು ಬೇಕು, ಸಂಬಳವಿಲ್ಲ, ಊಟವಿದೆ. ನಾನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೂಂ ಅಂದುಬಿಟ್ಟೆ. ಅಪ್ಪನಿಗೆ ಇಷ್ಟವಿರಲಿಲ್ಲ. "ಅವರ ಗುಡಿ ಬೇರೆ, ನಮ್ಮ ಗುಡಿ ಬೇರೆ, ನೀನ್ಯಾಕೆ ನಡುವೆ?" ಎಂದರು. ನಡುವೆ ಇರಲಿಕ್ಕೇ ಕರೆದಿದ್ದಾರೆ ಎಂದೆ. ಅವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಅದು ಒಪ್ಪಿಗೆ ಅಂತಲೇ ನಮ್ಮ ಮನೆಯಲ್ಲಿ ಲೆಕ್ಕ.

ಮೊದಲ ದಿನ ನನಗೆ ಅವರ ಇಂಗ್ಲಿಷ್ ಅರ್ಥವೇ ಆಗಲಿಲ್ಲ. ನಾನು ಪುಸ್ತಕದಲ್ಲಿ ಓದಿದ್ದ ಭಾಷೆ ಅದಲ್ಲ. ಮಾತು ಬಾಯಲ್ಲಿ ಇಟ್ಟುಕೊಂಡು ಅಲ್ಲೇ ಕರಗಿಸುತ್ತಿದ್ದರು. ತಂಡದ ಹಿರಿಯರು ಕಣ್ಣಿನ ಡಾಕ್ಟರು, ಅರವತ್ತು ದಾಟಿದ ಉದ್ದನೆಯ ಮನುಷ್ಯ, ನಮ್ಮ ಬಾಗಿಲುಗಳ ಕೆಳಗೆ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿತ್ತು. ಅವರು ನನಗೆ ಮೊದಲೇ ಒಂದು ಪಾಠ ಹೇಳಿದರು. ರೋಗಿ "ನನಗೆ ಎದೆ ಉರೀತೈತೆ" ಅಂದರೆ ನೀನೂ "ನನಗೆ ಎದೆ ಉರಿಯುತ್ತದೆ" ಅಂತಲೇ ಹೇಳಬೇಕು, "ಈಕೆಗೆ ಉರಿಯುತ್ತದಂತೆ" ಎನ್ನಬಾರದು. ನಡುವೆ ನೀನು ಇಲ್ಲವೇ ಇಲ್ಲ ಅನ್ನುವ ಹಾಗಿರಬೇಕು. ಅದರಂತೆ ನಡೆದೆ. ನ್ಯಾಮತಿಯಲ್ಲಿ ಒಂದು ದಿನ, ಸವಳಂಗದಲ್ಲಿ ಒಂದು ದಿನ, ಚನ್ನಗಿರಿ, ಕತ್ತಲಗೆರೆ, ತ್ಯಾವಣಿಗೆ. ಬೆಳಗಿನಿಂದ ಸಂಜೆಯವರೆಗೆ ಊರವರ ಮಂಡಿ ನೋವು, ಸೊಂಟದ ನೋವು, ಬಿಳಿಸೆರಗು, ಮಕ್ಕಳಾಗದ ಸಂಕಟ ಎಲ್ಲವೂ ನನ್ನದೇ. ರಾತ್ರಿ ಊಟಕ್ಕೆ ಕೂತಾಗ ನನ್ನ ಮಂಡಿಯೇ ನೋಯುತ್ತಿತ್ತು.

ಸಿಟ್ಟೂ ಬರುತ್ತಿತ್ತು. ಹತ್ತಾರು ವರ್ಷದ ಮಂಡಿ ನೋವಿಗೆ ಒಂದು ಪೊಟ್ಟಣ ಮಾತ್ರೆ ಕೊಟ್ಟು ಜೀಪು ಹತ್ತುತ್ತಿದ್ದೆವು. ಮಾತ್ರೆ ಮುಗಿದ ಮೇಲೆ ಆ ಹೆಂಗಸು ಯಾರ ಹತ್ತಿರ ಹೋಗಬೇಕು? ಒಬ್ಬಳ ಮುಖ ಗುರುತಾಗುವ ಹೊತ್ತಿಗೆ ಮುಂದಿನ ಊರು ಬಂದಿರುತ್ತಿತ್ತು. ಒಂದು ಕಡೆ ನಿಲ್ಲದ ನನಗೇ ಈ ತಿರುಗಾಟ ಸಾಕೆನಿಸಿತು. ಜೀಪಿನಲ್ಲಿ ಡಾಕ್ಟರಿಗೆ ಅದನ್ನೇ ಹೇಳಿದೆ, ನನ್ನ ಮುರುಕು ಇಂಗ್ಲಿಷಿನಲ್ಲಿ, ಸ್ವಲ್ಪ ಜೋರಾಗಿಯೇ. ಅವರು ಕಿಟಕಿಯ ಕಡೆ ನೋಡುತ್ತಾ, ಜಗಳೂರಿಗೆ ಬಾ, ಕಣ್ಣು ಮಾತ್ರೆಯಂಥದ್ದಲ್ಲ, ಒಮ್ಮೆ ಪೊರೆ ತೆಗೆದರೆ ಅದು ನಾವು ಹೋದ ಮೇಲೂ ಇರುತ್ತದೆ ಎಂದರು.

ಜಗಳೂರಿನಲ್ಲಿ ನಮಗೆ ಸಿಕ್ಕಿದ್ದು ಶೇಂಗಾ ತುಂಬುತ್ತಿದ್ದ ಒಂದು ಗೋದಾಮು. ಸುಣ್ಣ ಬಳಿದು, ಫಿನಾಯಿಲ್ ಹಾಕಿ ತೊಳೆದರೂ ಶೇಂಗಾದ ಕಮಟು ವಾಸನೆ ಹೋಗಿರಲಿಲ್ಲ. ಪಕ್ಕದ ಸಣ್ಣ ಕೋಣೆಯಲ್ಲಿ ಆಪರೇಷನ್, ಗೋದಾಮಿನಲ್ಲಿ ಸಾಲಾಗಿ ಹಾಸಿಗೆ. ಮೊದಲ ಬೆಳಿಗ್ಗೆ ಕಣ್ಣಿಗೆ ಔಷಧಿ ಬಿಟ್ಟುಕೊಂಡ ಮುದುಕರು, ಮುದುಕಿಯರು ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಕೈ ತೊಳೆದು ಬಂದು, ಎಲ್ಲರ ಎದುರಿಗೆ ನಿಂತು, ತಲೆ ಬಾಗಿಸಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಅದು ಅವರ ಪದ್ಧತಿ. ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಅರ್ಧ ಬೆಂಚು ಖಾಲಿ!

ಓಡಿ ಹೋಗಿ ಅಂಗಳದಲ್ಲಿ ಅವರನ್ನು ಹಿಡಿದೆ. ಒಬ್ಬ ಮುದುಕ ಮಗನ ಹೆಗಲು ಹಿಡಿದು ಗೇಟಿನ ಹತ್ತಿರ ಹೋಗಿಬಿಟ್ಟಿದ್ದ. "ಕೈಲಾಗ್ತೈತೆ ಅನ್ನೋ ಡಾಕ್ಟ್ರಾದ್ರೆ ಕತ್ರಿ ಹಿಡೀತಾನೆ. ಇವ್ನು ಕೈ ಮುಗೀತಾನೆ. ದೇವ್ರ ಮ್ಯಾಲೆ ಭಾರ ಹಾಕಾಕೆ ನಮ್ಮೂರಾಗೆ ಪೂಜಾರಿ ಇದಾನೆ, ಇಲ್ಲಿಗಂಟ ಯಾಕೆ ಬರ್ಬೇಕಿತ್ತು?" ಎಂದ. ಸಾವು ಬದುಕು ಎನ್ನುವ ಕೇಸಿನಲ್ಲಿ ಮಾತ್ರ ನಮ್ಮ ಡಾಕ್ಟರುಗಳು "ಇನ್ನು ದೇವರಿಗೆ ಬಿಟ್ಟಿದ್ದು" ಅನ್ನುತ್ತಾರಲ್ಲ!

ಆಗ ಬೆಂಚಿನ ತುದಿಯಿಂದ ಒಂದು ದನಿ ಬಂತು. ಎದ್ದು ಹೋಗದೆ ಉಳಿದಿದ್ದ ಒಬ್ಬ ಮುದುಕಿ. ತೆಳ್ಳನೆಯ ಮೈ, ದೊಡ್ಡ ದನಿ. "ಏ ಮುದ್ಯಾ, ಲಾರಿ ಡ್ರೈವರ್ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕೈ ಮುಗಿದ್ರೆ ಲಾರಿ ಇಳಿದು ಓಡ್ತೀಯೇನು? ಹತ್ತಿ ಕೂರ್ತೀಯ. ಬಾ, ಕೂಕ." ಗೇಟಿನ ಹತ್ತಿರ ಇದ್ದವರು ನಕ್ಕರು. ಒಬ್ಬೊಬ್ಬರೇ ವಾಪಸ್ ಬಂದು ಕೂತರು. ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಡಾಕ್ಟರು ಆಕೆಯನ್ನೇ ಮೊದಲು ಒಳಗೆ ಕರೆದರು.

ಆಕೆಯ ಎಡಗಣ್ಣು ಯಾವುದೋ ಕಾಲದಲ್ಲಿ ಸೊಪ್ಪಿನ ರಸ ಬಿಟ್ಟುಕೊಂಡು ಹೋಗಿತ್ತು. ಬಲಗಣ್ಣಿಗೆ ಪೊರೆ ತುಂಬಿತ್ತು. ಊರು ಜಗಳೂರಿನ ಆಚೆ, ಜೀಪಿನಲ್ಲಿ ಅರ್ಧ ಗಂಟೆಯ ದಾರಿ. ಗಂಡ ಇಲ್ಲ, ಮಗ ಯಾವುದೋ ಊರಿನ ಮಿಲ್ಲಿನಲ್ಲಿದ್ದ. ಹಳ್ಳಿಯಲ್ಲಿ ಇದ್ದದ್ದು ಆಕೆ ಮತ್ತು ಆಕೆಯ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಒಂದೇ ಮನೆ, ನಡುವೆ ಗೋಡೆ, ಎರಡು ಒಲೆ. ಕಣ್ಣು ಮಂಜಾದಾಗಿನಿಂದ ಓರಗಿತ್ತಿಯೇ ಕೈ ಹಿಡಿದು ಹೊಲಕ್ಕೆ, ಬಾವಿಗೆ ಕರೆದುಕೊಂಡು ಹೋಗುತ್ತಿದ್ದಳು. ಇಲ್ಲಿಗೆ ಅಟ್ಟಿದವಳೂ ಅವಳೇ. "ಎದೆನೋವು ಅಂತ ಅಕಿ ಮಲಗ್ಯಾಳೆ. ನಾನು ಬರಲ್ಲ ಅಂದೆ. 'ನಾ ಎಲ್ಲಿ ಹೋಗ್ತೀನಿ, ನೀ ಕಣ್ಣು ಮಾಡಿಸ್ಕಂಡು ಬಾ' ಅಂತ ಬೈದು ಕಳಿಸಿದ್ಲು" ಎಂದಳು ಅಜ್ಜಿ. ಇದೆಲ್ಲ ಆಪರೇಷನ್ ಮೇಜಿನ ಮೇಲೆ ಹೇಳಿದ್ದು. ಡಾಕ್ಟರು ಸುಮ್ಮನಿರು ಅಂದರೂ ಬಾಯಿ ನಿಲ್ಲಲಿಲ್ಲ. ಇನ್ನೊಂದು ಮಾತು ಕೇಳಿದಳು. "ಕಣ್ಣು ಕೊಟ್ಟೋರ ದೇವ್ರಿಗೇ ನಾನು ಇನ್ಮ್ಯಾಲೆ ನಡ್ಕಾಬೇಕೇನು?" ಹೇಳಿದೆ. ಡಾಕ್ಟರು ಮುಖವಸ್ತ್ರದ ಒಳಗೇ, ನಿನ್ನ ದೇವರನ್ನು ನೀನು ಕಣ್ಣು ಬಿಟ್ಟು ನೋಡಿದರೆ ನನಗೆ ಸಾಕು ಎಂದರು.

ಈಗಿನ ಹಾಗೆ ಬೆಳಿಗ್ಗೆ ಮಾಡಿಸಿಕೊಂಡು ಮಧ್ಯಾಹ್ನ ಮನೆಗೆ ಹೋಗುವ ಕಾಲ ಅದಲ್ಲ. ಹೊಲಿಗೆ ಹಾಕುತ್ತಿದ್ದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದ ಹಾಗೆ ಎರಡೂ ಪಕ್ಕ ಮರಳಿನ ಚೀಲ ಇಟ್ಟು ಅಂಗಾತ ಮಲಗಿಸುತ್ತಿದ್ದರು. ಅಲ್ಲಿಂದ ನನ್ನ ಕೆಲಸ ಶುರು. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹೇಳುತ್ತಿದ್ದೆ, ಕೆಮ್ಮಬೇಡಿ, ಸೀನಬೇಡಿ, ರೊಟ್ಟಿ ಅಗಿಯಬೇಡಿ, ಎಲೆಅಡಿಕೆ ಬೇಡ, ನಗಬೇಡಿ, ಅಳಬೇಡಿ. ಎಲೆಅಡಿಕೆಗೆ ಎಲ್ಲರೂ ಜಗಳ ತೆಗೆದರು. ಅಳಬೇಡಿ ಅನ್ನುವುದಕ್ಕೆ ಯಾರೂ ಏನೂ ಅನ್ನಲಿಲ್ಲ. ಅಜ್ಜಿಯ ಪಕ್ಕದ ಹಾಸಿಗೆಯವಳು ಮಾತ್ರ, "ಇದನ್ನ ಅಕಿಗೆ ಹೇಳ್ರಿ. ಸುತ್ತ ಏಳೂರಾಗೆ ಯಾರು ಸತ್ರೂ ಅಳಾಕೆ ಅಕಿನ್ನೇ ಕರೀತಾರೆ" ಎಂದಳು.

ಹೌದಂತೆ. ಸತ್ತವರ ಮುಂದೆ ಕೂತು ಹಾಡಿಕೊಂಡು ಅಳುವುದರಲ್ಲಿ ಅಜ್ಜಿಯದು ಎತ್ತಿದ ಕೈ. ದುಡ್ಡಿಗೆ ಅಳುವವಳಲ್ಲ. ನೆಂಟರಿಷ್ಟರು, ಗುರುತಿನವರು ಸತ್ತರೆ ಹೋಗಿ ಕೂತು, ಅವರು ಹುಟ್ಟಿದ್ದು, ಬೆಳೆದದ್ದು, ಬಾಳಿದ್ದು ಎಲ್ಲವನ್ನೂ ಹಾಡಿನಲ್ಲಿ ತರುತ್ತಿದ್ದಳು. ಆಕೆ ಬರುವವರೆಗೆ ಹೆಣ ಎತ್ತದೆ ಕಾಯುತ್ತಿದ್ದರಂತೆ. ನನಗೆ ಆ ಅಳು ಗೊತ್ತಿತ್ತು, ಆದರೆ ಅಪ್ಪ ಮೇಷ್ಟ್ರಾಗಿದ್ದ ನಮ್ಮ ಮನೆಯಲ್ಲಿ ಹಾಗೆ ಅಳುವುದು ಹಳ್ಳಿಗಾಡಿನದು ಎಂದು ಬಿಟ್ಟಾಗಿತ್ತು. ನಾವು ಸೆರಗು ಬಾಯಿಗೆ ಹಿಡಿದು ಬಿಕ್ಕುವವರು.

ಆಪರೇಷನ್ ಆದ ಮಾರನೆಯ ದಿನ, ಬಿಸಿಲು ಏರುವ ಹೊತ್ತು. ಗೋದಾಮಿನ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ, ಮೂವತ್ತರ ಆಸುಪಾಸು, ಚಪ್ಪಲಿ ಇಲ್ಲ, ಸೈಕಲ್ಲು ಗೋಡೆಗೆ ಒರಗಿಸಿದ್ದ. ಅಜ್ಜಿಯ ಹೆಸರು ಹೇಳಿದ. ಒಳಗೆ ಬನ್ನಿ ಎಂದರೆ ಬರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ಓರಗಿತ್ತಿಯ ಮಗ ಅವನು. "ನಮ್ಮವ್ವ ಹೋಗಿಬಿಟ್ಲು ಅಕ್ಕಾರೆ, ಬೆಳಕರೀತಿದ್ದಂಗೆ. ದೊಡ್ಡವ್ವನ್ನ ಕರ್ಕೊಂಡು ಹೋಗಾಕೆ ಬಂದೀನಿ. ಅಕಿ ಬರದೆ ಮಣ್ಣು ಮಾಡಾಕೆ ಹೆಂಗಸ್ರು ಬಿಡಲ್ಲ" ಎಂದ.

ಡಾಕ್ಟರನ್ನು ಕರೆದೆ. ಅಂಗಳದ ಬೇವಿನ ಮರದ ಕೆಳಗೆ ಇಬ್ಬರ ನಡುವೆ ನಿಂತೆ. ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಿದೆ. ಈ ರಸ್ತೆಯಲ್ಲಿ ಕುಲುಕಾಡಿಕೊಂಡು ಹೋಗಿ, ಅಲ್ಲಿ ಎದೆ ಬಡಿದುಕೊಂಡು ಅತ್ತರೆ ಹೊಲಿಗೆ ಬಿಚ್ಚಬಹುದು, ಬಿಚ್ಚಿದರೆ ಆ ಕಣ್ಣೂ ಹೋದಂತೆ, ಇನ್ನೊಂದಂತೂ ಮೊದಲೇ ಇಲ್ಲ. ಅವನು ತಲೆ ತಗ್ಗಿಸಿದ. "ಹಂಗಾದ್ರೆ ಹೇಳೋದೇ ಬ್ಯಾಡ್ರಿ. ಪಟ್ಟಿ ಬಿಚ್ಚೋಗಂಟ ತಿಳೀದಂಗೆ ಇರ್ಲಿ. ಕೇಳಿದ್ರೆ ಅಕಿ ಎದ್ದು ಬಂದುಬಿಡ್ತಾಳೆ" ಎಂದ. ಅದನ್ನು ಡಾಕ್ಟರಿಗೆ ಹೇಳಿದೆ. ಅವರು ಅದೇ ಸರಿ ಎಂದು ತಲೆಯಾಡಿಸಿದರು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಎರಡೂ ಕಡೆಯವರ ಮಾತು ಒಂದೇ ಆಗಿತ್ತು.

ನನಗೆ ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು. ಮಲಗಿದವಳನ್ನು ಬಿಟ್ಟು ಇವರಿಬ್ಬರೂ ಒಪ್ಪಿಕೊಂಡುಬಿಟ್ಟರೆ ಆಯಿತೇ? ಅಂಗಳದ ಆ ತುದಿಗೆ ನಡೆದೆ, ಈ ತುದಿಗೆ ಬಂದೆ. ಆಮೇಲೆ ಡಾಕ್ಟರ ಮುಂದೆ ನಿಂತು, ಇದು ನನ್ನ ಮಾತು, ಯಾರದ್ದೂ ಅಲ್ಲ ಎಂದು ಮೊದಲೇ ಹೇಳಿ ಶುರು ಮಾಡಿದೆ. ನಮ್ಮ ಕಡೆ ಸತ್ತವರ ಮುಖ ನೋಡುವುದೂ ಮುಂದೆ ಕೂತು ಅಳುವುದೂ ಸಣ್ಣ ವಿಷಯವಲ್ಲ, ನಾಳೆ ಪಟ್ಟಿ ಬಿಚ್ಚಿದ ಮೇಲೆ ಇದು ಗೊತ್ತಾದರೆ ಆಕೆ ಆ ಕಣ್ಣನ್ನೇ ಶಪಿಸುತ್ತಾಳೆ, ನೀವು ವಿಮಾನ ಹತ್ತಿರುತ್ತೀರಿ, ಆ ಕಣ್ಣಿನ ಜೊತೆ ಬಾಳಬೇಕಾದವಳು ಅವಳು. ನನ್ನ ಇಂಗ್ಲಿಷು ಅಷ್ಟು ಸರಾಗವಾಗಿ ಮತ್ತೆಂದೂ ಬಂದಿಲ್ಲ. ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಈ ಸುದ್ದಿ ಕೇಳಿ ಅಳದೆ ಇರಲು ಆಕೆಗೆ ಸಾಧ್ಯವೇ ಎಂದು ಕೇಳಿದರು. ನನಗೇನು ಗೊತ್ತು? ಹಾಗಾದರೆ ಹೋಗಿ ಅವಳನ್ನೇ ಕೇಳು ಎಂದರು.

ಇಂಥ ಪ್ರಶ್ನೆಯನ್ನು ಕೇಳುವುದಾದರೂ ಹೇಗೆ? ಹಾಸಿಗೆಗಳ ಸಾಲಿನಲ್ಲಿ ನಡೆಯುವಾಗ ಒಂದೂ ವಾಕ್ಯ ಕಟ್ಟಲು ಆಗಲಿಲ್ಲ. ಅಜ್ಜಿಯ ಪಕ್ಕ ಕೂತೆ. ನನ್ನ ಕೆಲಸವನ್ನು ಆಕೆಯೇ ತಪ್ಪಿಸಿದಳು.

"ಬಾಗ್ಲಾಗೆ ಮಾತಾಡಿದ್ದು ನಮ್ಮ ಹುಡುಗ" ಎಂದಳು. "ಒಳಗೆ ಯಾಕೆ ಬರ್ಲಿಲ್ಲ? ನೀರು ಕೊಟ್ರೆ ಬ್ಯಾಡ ಅಂದ. ಸಾವಿನ ಸುದ್ದಿ ತಂದೋನು ಹಂಗೇ ನಿಲ್ಲೋದು. ಅಕಿ ಹೋದ್ಲೇನು?"

ಹೌದು ಎಂದೆ.

ಆಕೆಯ ಬಾಯಿ ತೆರೆಯಿತು. ನಾನು ಹೆದರಿ ಆಕೆಯ ಹೆಗಲು ಹಿಡಿದೆ. ದನಿ ಬರಲಿಲ್ಲ. ಗಂಟಲಿನ ನರ ಉಬ್ಬಿತು, ಎರಡು ಕೈಯಲ್ಲೂ ಹಾಸಿಗೆಯ ಅಂಚು ಹಿಡಿದುಕೊಂಡಳು, ಕಾಲ ಹೆಬ್ಬೆರಳುಗಳು ಸೆಟೆದು ನಿಂತವು. ತಲೆ ಮಾತ್ರ ಮರಳಿನ ಚೀಲಗಳ ನಡುವೆ ಅಲುಗಲಿಲ್ಲ. ಹಾಗೆ ಎಷ್ಟು ಹೊತ್ತು ಇದ್ದಳೋ, ನನಗೆ ನೋಡಲಾಗಲಿಲ್ಲ. ಡಾಕ್ಟರು ನನ್ನ ಹಿಂದೆ ಬಂದು ನಿಂತಿದ್ದರು.

"ಅತ್ರೆ ಕಣ್ಣು ಹೋಗೋದು ಖಂಡಿತೇನು? ಕೇಳು ಅವ್ರನ್ನ."

ಕೇಳಿದೆ. ಖಂಡಿತ ಎನ್ನಲಾರೆ, ಆದರೆ ತುಂಬ ಭಯವಿದೆ ಎಂದರು. ಹೇಳಿದೆ.

"ಕೈ ಹಿಡಿಯೋಳೇ ಹೋದ್ಲು. ಇನ್ನ ಕಣ್ಣೂ ಹೋದ್ರೆ ನಾನು ಯಾರ ಕೈ ಹಿಡೀಲಿ?" ಎಂದಳು. "ಅಳಲ್ಲ ಅಂತ ಹೇಳು. ಎಷ್ಟು ದಿನ ಅಳಬಾರ್ದು ಕೇಳು."

ಹೊಲಿಗೆ ಬಿಚ್ಚಿ, ಗಾಯ ಪೂರ್ತಿ ಗಟ್ಟಿಯಾಗಲು ಒಂದೂವರೆ ತಿಂಗಳು ಎಂದರು ಡಾಕ್ಟರು. ಡಾಕ್ಟರು ತಲೆ ಬಾಗಿಸಿ ನಿಂತರು, ಬಹುಶಃ ಪ್ರಾರ್ಥಿಸಿದರು. ಆಮೇಲೆ ಅಲ್ಲಿಂದ ಹೋದರು. ನಾನೂ ಏಳಬೇಕೆಂದಿದ್ದೆ. ಆಕೆ ನನ್ನ ಕೈ ಹಿಡಿದಳು.

"ಎಲ್ಲಿ ಹೊಂಟಿ? ಒಬ್ರ ಮಾತು ಇನ್ನೊಬ್ರಿಗೆ ಮುಟ್ಟಿಸಾಕೆ ಅಲ್ವೇನು ನೀ ಬಂದಿರಾದು? ನಂದೂ ಮುಟ್ಸು. ಅಕಿ ಮುಂದೆ ಹೋಗಿ ಕೂತು ಹೇಳು."

ನನಗೆ ಹಾಡಲು ಬರುವುದಿಲ್ಲ, ಅಳಲು ಬರುವುದಿಲ್ಲ, ಅವರು ಯಾರೋ ನಾನು ಯಾರೋ ಎಂದೆ. ಡಾಕ್ಟರ ಮಾತು ಹೇಳೋವಾಗ ಡಾಕ್ಟರ್‌ಕಿ ಓದಿದ್ದೆಯೇನು ಎಂದು ಕೇಳಿದಳು. ನಾನು ಮತ್ತೆ ಕೂತೆ.

ಆಕೆ ಹೇಳತೊಡಗಿದಳು. ರಾಗ ಇಲ್ಲ, ಕಣ್ಣೀರಿಲ್ಲ, ಅಂಗಡಿಯಲ್ಲಿ ಸಾಮಾನು ಹೇಳುವ ದನಿ. ಒಂದು ಸಾಲು ಹೇಳುವುದು, ನನ್ನ ಬಾಯಲ್ಲಿ ಹೇಳಿಸುವುದು, ತಪ್ಪಿದರೆ ಬೈದು ತಿದ್ದುವುದು. ಸುತ್ತ ಪಟ್ಟಿ ಕಟ್ಟಿಕೊಂಡು ಮಲಗಿದವರೆಲ್ಲ ಉಸಿರು ಬಿಗಿ ಹಿಡಿದು ಕೇಳುತ್ತಿದ್ದರು. ಅವರೂ ಅಳುವ ಹಾಗಿರಲಿಲ್ಲ. ಯಾರೋ ಒಬ್ಬ ಮುದುಕ, "ಸಾಕು ಮಾಡಮ್ಮ, ನಮ್ಮ ಕಣ್ಣು ಹೋಗ್ತಾವೆ" ಎಂದು ಗೋಗರೆದ. ಆಕೆ ನಿಲ್ಲಿಸಲಿಲ್ಲ.

ಮಗನ ಸೈಕಲ್ಲನ್ನು ಜೀಪಿನ ಹಿಂದೆ ಹಾಕಿಕೊಂಡು ಹೊರಟೆವು. ಮುಂದೆ ಡ್ರೈವರು, ಹಿಂದೆ ನಾವಿಬ್ಬರು. ನಾನು ದಾರಿಯುದ್ದಕ್ಕೂ ಆ ಸಾಲುಗಳನ್ನು ಬಾಯೊಳಗೆ ತಿರುಗಿಸುತ್ತಿದ್ದೆ. ಒಂದು ಮರೆತರೂ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಇಳಿದು ಓಡಿಹೋಗೋಣ ಅಂತಲೂ ಅನ್ನಿಸಿತು. ಹೆಣ್ಣು ನೋಡಲು ಬಂದವರ ಮುಂದೆ ಕೂರುವುದೇ ವಾಸಿ ಅನ್ನಿಸಿದ್ದು ಜೀವನದಲ್ಲಿ ಅದೊಂದು ಸಲ.

ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು ಓರಗಿತ್ತಿಯನ್ನು. ಹಣೆ ತುಂಬ ವಿಭೂತಿ, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ ತಲೆ ನಿಲ್ಲಿಸಿದ್ದರು, ತೊಡೆಯ ಮೇಲೆ ಎರಡು ಕೈ. ಅಗಲವಾದ ಮುಖ, ಏನೋ ಹೇಳಲು ಹೊರಟು ನಿಲ್ಲಿಸಿದ ಹಾಗಿತ್ತು. ಸುತ್ತ ಹೆಂಗಸರು. ಮಗ ಹೋಗಿ ದೊಡ್ಡವ್ವ ಬರುವ ಹಾಗಿಲ್ಲ, ಈ ಅಕ್ಕಾರನ್ನು ಕಳಿಸಿದ್ದಾಳೆ ಎಂದ. ಎಲ್ಲರೂ ನನ್ನನ್ನು ನೋಡಿದರು. ಕೈಯಲ್ಲಿ ವಾಚು, ಇಸ್ತ್ರಿ ಮಾಡಿದ ಸೀರೆ. ನಾನು ಹೋಗಿ ಹೆಣದ ಮುಂದೆ ಕೂತೆ.

"ನಾನು ಬಂದೀನಿ ತಂಗಿ" ಎಂದೆ.

ಪಾಠ ಓದುವ ದನಿ ನನ್ನದು. ಹಿಂದೆ ಯಾರೋ ಕಿಸಕ್ಕೆಂದರು. ಇನ್ಯಾರೋ ಸುಮ್ಮನಿರಿ ಎಂದು ಗದರಿದರು. ಮುಂದಿನ ಸಾಲು ಹೇಳಿದೆ.

"ಬಾವಿಗೆ ಹೋದ್ರೆ ಇಬ್ರೂ ಹೋಗಾನ ಅಂತಿದ್ದೋಳು ಒಬ್ಳೇ ಹೊಂಟೆಯಲ್ಲೇ."

ಆಮೇಲಿನದು, "ನನ್ನ ಕೂಸು ಹಾಲಿಗೆ ಅತ್ತಾಗ ನೀನು ಸೆರಗು ಸರಿಸಿದ್ದೆ. ಒಲೆ ಎರಡಾದ್ರೂ ಕೆಂಡ ಒಂದೇ ಮಾಡಿದ್ದೆ."

ಸತ್ತವಳ ಮಗಳು ಇರಬೇಕು, ಹೆಣದ ಪಕ್ಕ ಕೂತಿದ್ದವಳು ತಟ್ಟನೆ ತಲೆ ಎತ್ತಿದಳು. "ಇದು ನಮ್ಮ ದೊಡ್ಡವ್ವನ ಮಾತು! ದೊಡ್ಡವ್ವನೇ ಬಂದಂಗಾತು!" ಎಂದವಳೇ ಆ ಸಾಲನ್ನು ನನ್ನ ಬಾಯಿಂದ ಕಿತ್ತುಕೊಂಡ ಹಾಗೆ ರಾಗಕ್ಕೆ ಎತ್ತಿಕೊಂಡಳು. ಬೇರೆಯವರು ದನಿ ಸೇರಿಸಿದರು. ಅವರು ನಿಲ್ಲಿಸಿದಾಗ ನನ್ನ ಕಡೆ ನೋಡಿದರು. ನಾನು ಇನ್ನೊಂದು ಸಾಲು ಹೇಳಿದೆ. ಹಿತ್ತಿಲ ಗೋಡೆಯ ಜಗಳದಲ್ಲಿ ಮಾತು ಬಿಟ್ಟಿದ್ದ ವರ್ಷಗಳನ್ನು ವಾಪಸ್ ಕೊಟ್ಟು ಹೋಗು ಎನ್ನುವ ಸಾಲು. ಅದನ್ನೂ ಎತ್ತಿಕೊಂಡರು. ಹೀಗೆ ನಾನು ಹೇಳುವುದು, ಅವರು ಅಳುವುದು. ಕೊನೆಯದು ಬೈಗುಳ. ಸತ್ತವರನ್ನು ಬೈಯುವುದೇ ಎಂದು ಗೋದಾಮಿನಲ್ಲಿ ಕೇಳಿದ್ದೆ, ಒಂದಕ್ಷರ ಬಿಟ್ಟರೆ ನೋಡು ಎಂದಿದ್ದಳು ಅಜ್ಜಿ.

"ನನ್ನ ಕಣ್ಣಿಗೆ ಬೆಳಕು ಬರಾಗಂಟ ತಡೀಲಿಲ್ಲವಲ್ಲೇ, ಯಾವಾಗ್ಲೂ ನಿಂದೇ ಅವಸರ."

ಆ ಸಾಲಿಗೆ ಬಾಗಿಲಲ್ಲಿ ನಿಂತಿದ್ದ ಗಂಡಸರೂ ಅತ್ತರು. ಗುಂಪಿನಲ್ಲಿ ಯಾರೋ ನನ್ನ ಬೆನ್ನ ಮೇಲೆ ಕೈಯಿಟ್ಟು ಸವರುತ್ತಿದ್ದರು, ನನ್ನದೇ ಓರಗಿತ್ತಿ ಸತ್ತಿದ್ದಾಳೆ ಎನ್ನುವ ಹಾಗೆ. ಹೊತ್ತು ಇಳಿಯುವ ಮೊದಲು ಮಣ್ಣು ಮಾಡಿದರು. ವಾಪಸ್ ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಯಾರು ಬಂದಿದ್ದರು, ಯಾವ ಸೀರೆ ಉಡಿಸಿದ್ದರು ಎಂದೆಲ್ಲ ಕೇಳಿದಳು. ಆಮೇಲೆ ಗಂಜಿ ಕೊಡು ಎಂದಳು. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಸುತ್ತು ಹಾಕಿದೆ.

ತಂಡ ಹೊರಟುಹೋಯಿತು. ಹೋಗುವಾಗ ಡಾಕ್ಟರು ಅಜ್ಜಿಯ ಪಟ್ಟಿ ತಾವೇ ಬಿಚ್ಚಿದರು. ಬೆರಳು ತೋರಿಸಿ ಎಷ್ಟು ಎಂದರೆ ಸರಿಯಾಗಿ ಹೇಳಿದಳು. ನನ್ನ ಕಡೆ ತಿರುಗಿ, "ದನಿ ಕೇಳಿ ದಪ್ಪ ಹೆಂಗ್ಸು ಅನ್ಕಂಡಿದ್ದೆ, ಕಡ್ಡಿ ಇದ್ದಂಗೆ ಇದೀಯಲ್ಲೇ" ಎಂದಳು. ಉಳಿದದ್ದನ್ನು ದಾವಣಗೆರೆಯ ಡಾಕ್ಟರೊಬ್ಬರಿಗೆ ಒಪ್ಪಿಸಿದ್ದರು. ನಾನು ಹೊನ್ನಾಳಿಗೆ ಬಂದೆ. ಮತ್ತೆ ಚಾಪೆ, ಮತ್ತೆ ಉಪ್ಪಿಟ್ಟು. ಮನೆಯಲ್ಲಿ ಕಾಲು ನಿಲ್ಲಲಿಲ್ಲ. ರಾತ್ರಿ ನಿದ್ದೆಗೆ ಮುಂಚೆ ಆ ಸಾಲುಗಳು ಬಾಯಿಗೆ ಬರುತ್ತಿದ್ದವು. ಯಾರದ್ದೋ ಸಾಮಾನು ನನ್ನ ಹತ್ತಿರ ಉಳಿದುಬಿಟ್ಟಿದೆ ಎನ್ನುವಂಥ ಕಸಿವಿಸಿ. ತಡೆಯಲಾರದೆ ಒಂದು ಬೆಳಿಗ್ಗೆ, ಗೆಳತಿಯ ಮನೆ ಅಂತ ಹೇಳಿ, ದಾವಣಗೆರೆ ಬಸ್ಸು ಹತ್ತಿದೆ. ಅಲ್ಲಿಂದ ಜಗಳೂರು, ಅಲ್ಲಿಂದ ಒಂದು ಟೆಂಪೋ.

ಅಜ್ಜಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸೋಡಾಬುಡ್ಡಿ ಕನ್ನಡಕದ ಹಿಂದೆ ಒಂದು ಕಣ್ಣು ದೊಡ್ಡದಾಗಿ ಕಂಡಿತು. ನನ್ನನ್ನು ದೂರದಿಂದಲೇ ಗುರುತು ಹಿಡಿದಳು. ಚೆನ್ನಾಗಿದ್ದೀಯಾ, ಕಣ್ಣು ಹೇಗಿದೆ ಎಂದೆ. ಹುಳ ಬಿದ್ದ ಕಾಯಿ ಬೇರೆ, ಒಳ್ಳೆ ಕಾಯಿ ಬೇರೆ ಮಾಡಿ ತೋರಿಸಿದಳು. ಇಷ್ಟರಲ್ಲಿ ಅತ್ತುಬಿಟ್ಟೆಯಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಕೇಳುವುದೂ ಬೇಕಾಗಲಿಲ್ಲ.

"ಡಾಕ್ಟ್ರು ಹೇಳಿದ ಗಡುವು ಮುಗೀತೇನು?" ಎಂದಳು.

ಮುಗಿಯಿತು, ಮೊನ್ನೆಗೇ ಮುಗಿಯಿತು ಎಂದೆ.

"ದಾವಣಗೆರೆ ಡಾಕ್ಟ್ರೂ ಹಂಗೇ ಅಂದ್ರು. ನಂಗೆ ನಂಬಿಕೆ ಬರ್ಲಿಲ್ಲ. ಬ್ಯಾಡ ಅಂತ ಹೇಳಿದೋಳು ನೀನು, ಆತು ಅಂತ ನೀನೇ ಹೇಳ್ಬೇಕು ಅಂತ ಕಾಯ್ತಿದ್ದೆ. ಇನ್ನ ಅಳಬೋದೇನು?"

ಅಳಬಹುದು ಎಂದೆ.

ಆಕೆ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಓರಗಿತ್ತಿಯ ಕಡೆಯ ಬಾಗಿಲಿಗೆ ಹೋದಳು. ಅವಳು ಸತ್ತಾಗಿನಿಂದ ಆ ಹೊಸಿಲು ತುಳಿದಿರಲಿಲ್ಲವಂತೆ, ತುಳಿದರೆ ತಡೆಯಲಾಗುವುದಿಲ್ಲ ಎಂದು. ಹೊಲಕ್ಕೆ ಹೊರಟಿದ್ದ ಓರಗಿತ್ತಿಯ ಮಗ ಅಂಗಳದಲ್ಲೇ ನಿಂತುಬಿಟ್ಟ. ನಾನು ಆಕೆಯ ಹಿಂದೆ ಪಡಸಾಲೆಗೆ ಹೋದೆ. ಹೊಸದಾಗಿ ಸಾರಿಸಿದ ನೆಲ, ಬಳಿದ ಗೋಡೆ. ಆಕೆ ಸುತ್ತ ನೋಡಿದಳು.

"ಎಲ್ಲಿ ಕುಂದ್ರಿಸಿದ್ರು ಅಕಿನ್ನ? ನೀ ನೋಡೀಯ, ನಾನು ನೋಡ್ಲಿಲ್ಲ. ತೋರ್ಸು."

ತೋರಿಸಿದೆ. ಕಿಟಕಿಯಿಂದ ಈಚೆಗೆ ಒಂದು ಮೊಳ, ಇಲ್ಲಿ ಬೆನ್ನು, ಇಷ್ಟು ಎತ್ತರಕ್ಕೆ ತಲೆ ಎಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದೆ. ಆಕೆ ಹತ್ತಿರ ಬಂದು ಆ ಜಾಗವನ್ನು ನೋಡಿದಳು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಗೋಡೆಯ ಎದುರಿಗೆ ಕಾಲು ಮಡಿಸಿ ಕೂತು, ಎರಡು ಕೈಯನ್ನೂ ಮುಂದಕ್ಕೆ ಚಾಚಿ ದನಿ ಎತ್ತಿದಳು.

ಅಂಥ ಅಳುವನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಮಗ ಬಾಗಿಲ ಚೌಕಟ್ಟು ಹಿಡಿದು ಕುಸಿದ. ಕೇರಿಯ ಹೆಂಗಸರು ಕೈಯ ಕೆಲಸ ಬಿಟ್ಟು ಓಡಿ ಬಂದರು. ನಾನು ಕನ್ನಡಕ ಹಿಡಿದುಕೊಂಡು, ಮುಂದೆ ಬರುವ ಸಾಲು ಗೊತ್ತಿದ್ದವಳ ಹಾಗೆ ಕಾಯುತ್ತಿದ್ದೆ. ಬಾವಿ ಬರುತ್ತದೆ, ಹಾಲು ಬರುತ್ತದೆ, ಹಿತ್ತಿಲ ಗೋಡೆ ಬರುತ್ತದೆ. ಬರಲಿಲ್ಲ. ಅವು ಆವತ್ತೇ ಮುಟ್ಟಿದ್ದವು, ಆಕೆ ಹಾಡಿದ್ದೆಲ್ಲ ಬೇರೆ. ನನ್ನ ಕೈಲಿ ಕಳಿಸಿದ್ದ ಒಂದು ಮಾತೂ ಅದರಲ್ಲಿ ಇರಲಿಲ್ಲ.